ತೊಳೆದ ನೀರಿನ ಬಣ್ಣ

ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬಣ್ಣದಕ್ಕನ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ, ಯಜಮಾನರಿಗೂ ಇರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಅವಳು ಅಲ್ಲಿನ ಬಣ್ಣದ ಕೋಣೆಯಲ್ಲಿ ಉತ್ತರದ ಕಿಟಕಿಯ ಪಕ್ಕ ಕೂತಿದ್ದಳು. ಗಿರಾಕಿ ಕಳಿಸಿದ ಹೆಬ್ಬೆರಳಗಲದ ಬಟ್ಟೆಯ ಚೂರನ್ನು ಬೆಳಕಿಗೆ ಹಿಡಿದು, ಕಣ್ಣು ಸಣ್ಣ ಮಾಡಿ, ನೀಲಿ ಇಷ್ಟು, ಕಪ್ಪು ಚಿಟಿಕೆ, ಕೆಂಪು ಬರೀ ಹೆಸರಿಗೆ ಎಂದು ಹೇಳಿಬಿಟ್ಟರೆ ಮುಗಿಯಿತು, ತಕ್ಕಡಿ ಅವಳ ಮಾತಿಗೆ ಸಾಕ್ಷಿ ಹೇಳುವುದಷ್ಟೇ ಬಾಕಿ. ಒಮ್ಮೆ ಯಜಮಾನರು ಬಣ್ಣ ಅಳೆಯುವ ಯಂತ್ರವೊಂದನ್ನು ತರಿಸಿದ್ದರು. ಅದು ಮೂರು ತಿಂಗಳು ಅವಳೊಂದಿಗೆ ಪಂದ್ಯ ಕಟ್ಟಿ ಸೋತಿತು. ಈಗ ಅದರ ನೆತ್ತಿಯ ಮೇಲೆ ಅವಳ ಊಟದ ಡಬ್ಬಿ ಕೂರುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಎರಡು ಮಾತು ಹೇಳಿಕೊಡುತ್ತಿದ್ದಳು. ಒಂದು, ಮೊದಲು ಅರ್ಧ ಪುಡಿ ಹಾಕು; ಕಡಿಮೆಯಾದರೆ ಇನ್ನಷ್ಟು ಸೇರಿಸಬಹುದು, ಹೆಚ್ಚಾದದ್ದನ್ನು ನಿಮ್ಮಪ್ಪ ಬಂದರೂ ತೊಟ್ಟಿಯಿಂದ ತೆಗೆಯಲಾರ. ಎರಡು, ನೂಲನ್ನು ನೋಡಬೇಡ, ನೂಲು ತೊಳೆದ ನೀರನ್ನು ನೋಡು. ನೀರು ತಿಳಿಯಾಗಿ ಬಂದರೆ ನೂಲು ಬಣ್ಣವನ್ನು ಹಿಡಿದುಕೊಂಡಿದೆ. ನೀರು ಗಾಢವಾಗಿ ಬಂದರೆ ಪುಡಿ ಹೆಚ್ಚಾಗಿದೆ, ನೂಲು ಹಿಡಿಯಲಾರದೆ ಅದನ್ನು ಬಿಟ್ಟುಬಿಡುತ್ತಿದೆ. ಎರಡೂ ನೂರಕ್ಕೆ ನೂರು ನಿಜ, ನೂಲಿನ ಮಟ್ಟಿಗೆ. ಮುಂದೆ ಆದ ಅನಾಹುತಕ್ಕೆಲ್ಲ ಕಾರಣ, ಅವಳು ಲೋಕವನ್ನೆಲ್ಲ ನೂಲೆಂದು ತಿಳಿದದ್ದು.

ಮೂರನೆಯ ನಿಯಮವೊಂದಿತ್ತು, ಅದನ್ನು ಯಾರಿಗೂ ಹೇಳಿಕೊಡುತ್ತಿರಲಿಲ್ಲ. ತೊಟ್ಟಿ ಒಮ್ಮೆ ಕಾದ ಮೇಲೆ ಎರಡೂವರೆ ಗಂಟೆ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. ಶಾಖ ಸ್ವಲ್ಪ ಅತ್ತಿತ್ತಾದರೂ ಇನ್ನೂರು ಕಿಲೋ ನೂಲು ಬೇರೆಯದೇ ಬಣ್ಣಕ್ಕೆ ತಿರುಗಿ ಕೂರುತ್ತದೆ. ಆಮೇಲೆ ಅದರಲ್ಲಿ ನೆಲ ಒರೆಸುವ ಬಟ್ಟೆ ನೇಯಬೇಕಷ್ಟೆ. ನೀರು ಕುಡಿದರೆ ತಾನೆ ಎದ್ದು ಹೋಗುವ ಮಾತು ಎಂದು ಅವಳು ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ತಂಗಿ ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ತುಂಬಿಯೇ ಹಿಂತಿರುಗುತ್ತಿತ್ತು. ಮನೆಯ ಮೆಟ್ಟಿಲ ಮೇಲಿನ ಹೂಕುಂಡಕ್ಕೆ ಅದನ್ನು ಸುರಿದು ಏನೂ ಅರಿಯದವಳಂತೆ ಒಳಗೆ ಹೋಗುತ್ತಿದ್ದಳು. ಆ ಬೀದಿಯಲ್ಲಿ ಅಷ್ಟು ಸೊಂಪಾಗಿ ಬೆಳೆದ ಗಿಡ ಇನ್ನೊಂದಿರಲಿಲ್ಲ.

ಮನೆಯೆಂದರೆ ಮಹಡಿಯ ಮೇಲಿನ ಎರಡು ಕೋಣೆ, ಅಲ್ಲಿ ಅಕ್ಕ ತಂಗಿ ಇಬ್ಬರೇ. ಅಕ್ಕ ಮದುವೆಯ ಗೋಜಿಗೇ ಹೋಗಲಿಲ್ಲ. ತಂಗಿ ಹೋಗಿ, ನೋಡಿ, ವಾಪಸು ಬಂದಳು. ತಂಗಿ ಹತ್ತಿರದ ಶಾಲೆಯಲ್ಲಿ ಲೆಕ್ಕದ ಟೀಚರ್. ಒಂಬತ್ತು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟಾಗ, ಬಣ್ಣದಕ್ಕ ಹಿಂದೆ ಮುಂದೆ ನೋಡದೆ ತನ್ನ ಎಡಗಡೆಯದನ್ನು ತೆಗೆಸಿ ಕೊಟ್ಟಿದ್ದಳು. ಅದು ತಂಗಿಯ ಹೊಟ್ಟೆಯಲ್ಲಿ ತವರಿಗೆ ಬಂದಂತೆ ಒಗ್ಗಿಕೊಂಡಿತು. ಅಂದಿನಿಂದ ತಂಗಿ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ ನುಂಗುತ್ತಾಳೆ. ಗಡಿಯಾರ ತಪ್ಪಬಹುದು, ಅವಳು ತಪ್ಪಿದವಳಲ್ಲ.

ತಪ್ಪದ ಇನ್ನೊಂದೂ ಇತ್ತು, ಅವಳ ಅಳು. ಅಕ್ಕ ಕೆಮ್ಮಿದರೆ ಅವಳ ಕಣ್ಣು ತುಂಬುತ್ತಿತ್ತು. ಅಕ್ಕನಿಗೆ ಬೆನ್ನು ಹಿಡಿದುಕೊಂಡಿತೆಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನಿನ್ನದೊಂದನ್ನು ನಾನು ಕಿತ್ತುಕೊಂಡೆ ಎಂಬ ಮಾತನ್ನು ಆಪರೇಷನ್ ಆದ ವರ್ಷ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ಬೈದು ಬೈದು ಅದನ್ನು ಬಾಯಿಂದ ಬಿಡಿಸಿದ್ದಾಯಿತು, ಮನಸ್ಸಿನಿಂದ ಬಿಡಿಸಲಾಗಲಿಲ್ಲ. ಹೀಗಾಗಿ ಬಣ್ಣದಕ್ಕ ಕಾಯಿಲೆ ಮುಚ್ಚಿಡುವುದರಲ್ಲಿ ಪಳಗಿಹೋದಳು. ಶೀತವಾದರೆ ಪುಡಿ ಮೂಗಿಗೆ ಹೋಯಿತು ಎನ್ನುತ್ತಿದ್ದಳು, ಜ್ವರ ಬಂದರೆ ಬಾಯ್ಲರ್ ಪಕ್ಕ ಕೂತಿದ್ದೆ ಎನ್ನುತ್ತಿದ್ದಳು. ತಂಗಿ ಅಳದಿದ್ದರೆ ಅವಳಿಗೆ ಅಷ್ಟೇ ಸಾಕಾಗಿತ್ತು.

ಆ ವಾರ ಬಸ್ ನೌಕರರ ಸಮವಸ್ತ್ರದ ನೀಲಿ ನೂಲಿನ ಸರಕು ಬಂದಿತ್ತು. ದಿನಕ್ಕೆ ಮೂರು ತೊಟ್ಟಿ. ಸೋಮವಾರ ಮಧ್ಯಾಹ್ನ ಬಣ್ಣದಕ್ಕನಿಗೆ ಉರಿಮೂತ್ರ ಶುರುವಾಯಿತು. ಬೆಂಕಿ ಹೊಯ್ದಂತೆ ಉರಿ, ಹೋಗಿ ಬಂದು ಕೂತರೆ ಮತ್ತೆ ಹೋಗಬೇಕೆನಿಸುವುದು, ಹೋದರೆ ನಾಲ್ಕು ಹನಿ. ಮಂಗಳವಾರ ಹಲ್ಲು ಕಚ್ಚಿಕೊಂಡು ಕೂತಳು. ಬುಧವಾರ ಕಚ್ಚಲು ಹಲ್ಲು ಸಾಲಲಿಲ್ಲ.

ಗೊತ್ತಿರುವ ಡಾಕ್ಟರ ಹತ್ತಿರ ಹೋದರೆ ಸಂಜೆಯೊಳಗೆ ತಂಗಿಯ ಕಿವಿಗೆ ಬೀಳುತ್ತದೆ. ಅವಳು ಬಸ್ ಹತ್ತಿ ಪಟ್ಟಣದ ಇನ್ನೊಂದು ತುದಿಯ ಒಂದು ಚಿಕ್ಕ ಕ್ಲಿನಿಕ್ಕಿಗೆ ಹೋದಳು. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕೆಲಸ ಮಾತ್ರ ಅಚ್ಚುಕಟ್ಟು. ಮೂತ್ರದ ಮಾದರಿ ತೆಗೆಸಿದಳು. ಜ್ವರ ಇದೆಯೇ, ಬೆನ್ನು ನೋವಿದೆಯೇ, ಸಕ್ಕರೆ ಕಾಯಿಲೆ ಇದೆಯೇ, ಯಾವುದಾದರೂ ಮಾತ್ರೆ ಒಗ್ಗುವುದಿಲ್ಲವೇ, ಹಿಂದೆ ಆಪರೇಷನ್ ಏನಾದರೂ ಆಗಿದೆಯೇ, ಕಿಡ್ನಿಯ ತೊಂದರೆ ಉಂಟೇ ಎಂದು ಒಂದೊಂದಾಗಿ ಕೇಳಿದಳು. ಬಣ್ಣದಕ್ಕ ಎಲ್ಲದಕ್ಕೂ ಇಲ್ಲ ಎಂದಳು. ಮೊದಲ ನಾಲ್ಕು ಇಲ್ಲ ನಿಜವಾಗಿದ್ದವು. ಐದನೆಯದನ್ನು ಹೇಳುವಾಗ ಕೈ ತಾನಾಗಿ ಎಡ ಪಕ್ಕೆಯ ಹೊಲಿಗೆಯ ಗುರುತನ್ನು ಮುಚ್ಚಿಕೊಂಡಿತು. ಆರನೆಯದಕ್ಕೆ, ತೊಂದರೆ ಇದ್ದದ್ದು ತಂಗಿಯ ಕಿಡ್ನಿಗೆ, ನನ್ನದಕ್ಕಲ್ಲ, ಸುಳ್ಳೇನಲ್ಲ ಎಂದು ಸಮಾಧಾನ ಮಾಡಿಕೊಂಡಳು. ಡಾಕ್ಟರಮ್ಮ ಐದು ದಿನಕ್ಕೆ ಹತ್ತು ಮಾತ್ರೆ ಬರೆದು, ಪರೀಕ್ಷೆಯ ಫಲ ಶನಿವಾರ ಬರುತ್ತದೆ, ತಪ್ಪದೆ ಬನ್ನಿ ಎಂದಳು.

ಪಕ್ಕದ ಔಷಧಿ ಅಂಗಡಿಯಾಕೆ ಹಳದಿ ಮಾತ್ರೆಯ ಪಟ್ಟಿಯನ್ನು ಕೊಡುವಾಗ ಏನೇನೋ ಹೇಳಿದಳು. ಬಣ್ಣದಕ್ಕ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಏಕೆಂದರೆ ಆಗಷ್ಟೇ ತಂಗಿಯ ಶಾಲೆಯ ಡ್ರಿಲ್ ಮೇಷ್ಟ್ರು ಅಂಗಡಿಯ ಮೆಟ್ಟಿಲು ಹತ್ತಿ ಬಂದಿದ್ದರು. ಅವರು ಬಂದದ್ದು ಮೊಣಕಾಲಿನ ಪಟ್ಟಿಗೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪಾಡೇ ಬೇರೆ. ಅವಳು ಮುಖ ತಿರುಗಿಸಿಕೊಂಡು, ಹೂಂ ಹೂಂ ಎಂದು ತಲೆಯಾಡಿಸಿ, ಪೊಟ್ಟಣ ಎತ್ತಿಕೊಂಡು ಹೊರಬಿದ್ದಳು. ಕಿವಿಗೆ ಬಿದ್ದದ್ದು ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಜೊತೆ ಎಂಬಷ್ಟು ಮಾತ್ರ.

ಗುರುವಾರ ಎರಡು ಮಾತ್ರೆ ಹೋಯಿತು. ಉರಿ ಸ್ವಲ್ಪ ಇಳಿಯಿತು. ಶುಕ್ರವಾರ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಮೂತ್ರದ ಬಣ್ಣ ಬದಲಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು, ಇಲ್ಲವೇ ನೋಡದೆ ನೀರು ಸುರಿದು ಬರುತ್ತಿದ್ದರು. ಬಣ್ಣದಕ್ಕ ಬಗ್ಗಿ, ಕಣ್ಣು ಸಣ್ಣ ಮಾಡಿ ನೋಡಿದಳು. ಹಳದಿ ಆರು ಪಾಲು, ಕಂದು ಮೂರು, ಕೆಂಪು ಒಂದು. ರಕ್ತದ ಕೆಂಪಲ್ಲ, ಅದು ಅವಳಿಗೆ ಗೊತ್ತಾಗುತ್ತದೆ. ಉಜ್ಜದೆ ಬಿಟ್ಟ ಹಿತ್ತಾಳೆಯ ಬಣ್ಣ.

ತೊಳೆದ ನೀರು ಇಷ್ಟು ಗಾಢವಾಗಿದೆ, ಹಾಗಾದರೆ ಪುಡಿ ಹೆಚ್ಚಾಗಿದೆ. ಮೈ ಹಿಡಿಯಲಾರದೆ ಬಿಟ್ಟುಬಿಡುತ್ತಿದೆ. ಇಪ್ಪತ್ತೆಂಟು ವರ್ಷದ ವಿದ್ಯೆ ಅವಳ ತಲೆಯಲ್ಲಿ ತಾನಾಗಿ ಲೆಕ್ಕ ಹಾಕಿತು. ಆ ಡಾಕ್ಟರಮ್ಮ ಬರೆದದ್ದು ಎರಡು ಕಿಡ್ನಿ ಇರುವವರ ಅಳತೆಗೆ. ತನಗಿರುವುದು ಒಂದು. ಎರಡಕ್ಕೆ ಒಂದು ಮಾತ್ರೆಯಾದರೆ ಒಂದಕ್ಕೆ ಎಷ್ಟು? ಇದಕ್ಕೆ ಲೆಕ್ಕದ ಟೀಚರೇ ಬೇಕಾಗಿಲ್ಲ. ಇಷ್ಟು ಸುಲಭವಾದದ್ದು ತನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಬೇಸರವಾಯಿತು.

ಅಂದು ಕಾರ್ಖಾನೆಯಲ್ಲಿ, ಮಾದರಿ ಬಟ್ಟೆ ಕತ್ತರಿಸುವ ಬ್ಲೇಡಿನಲ್ಲಿ ಉಳಿದ ಎಂಟು ಮಾತ್ರೆಗಳನ್ನೂ ನಡುವಿಗೆ ಸರಿಯಾಗಿ ಸೀಳಿದಳು. ಹದಿನಾರು ಚೂರು, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿಲ್ಲ. ಬಣ್ಣದ ಪುಡಿಯ ಮಾದರಿ ಹಾಕುವ ಚಿಕ್ಕ ಕಾಗದದ ಲಕೋಟೆಯಲ್ಲಿ ತುಂಬಿ, ಅಭ್ಯಾಸಬಲದಿಂದ ಮೇಲೆ ತಾರೀಖು ಬರೆದು, ಚೀಲದಲ್ಲಿ ಹಾಕಿದಳು. ಶನಿವಾರ ನೀರಿನ ಬಣ್ಣ ತಿಳಿಯಾಯಿತು. ನೋಡಿದೆಯಾ ಎಂದು ತನ್ನನ್ನು ತಾನೇ ಮೆಚ್ಚಿಕೊಂಡಳು. ಬಣ್ಣವೇ ಸರಿಹೋದ ಮೇಲೆ ಇನ್ನೇನು ಪರೀಕ್ಷೆ ಎಂದು ಕ್ಲಿನಿಕ್ಕಿಗೆ ಹೋಗಲಿಲ್ಲ. ಭಾನುವಾರ ಉರಿ ಮೆಲ್ಲಗೆ ಮರಳಿತು. ಸರಿಹೋಗುವ ಮುಂಚೆ ಹಾಗೆ ಒಂದು ಸಲ ಕೆರಳುತ್ತದೆ ಎಂದುಕೊಂಡಳು. ಹಾಗೆ ಯಾರು ಹೇಳಿದ್ದರೋ ಅವಳಿಗೇ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಎದ್ದಾಗ ಮೈ ನಡುಗುತ್ತಿತ್ತು. ಬಲ ಬೆನ್ನಿನಲ್ಲಿ, ಪಕ್ಕೆಲುಬಿನ ಕೆಳಗೆ, ಯಾರೋ ಮುಷ್ಟಿ ಒತ್ತಿ ಹಿಡಿದಂಥ ನೋವು. ಬಣ್ಣದಕ್ಕನಿಗೆ ಆಗ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಬಲಗಡೆಯದೇ ಅವಳ ಹತ್ತಿರ ಉಳಿದದ್ದು. ಅದಕ್ಕೇನಾದರೂ ಆದರೆ ತಾನು ಹಾಸಿಗೆ ಹಿಡಿಯುತ್ತೇನೆ ಎಂಬುದಕ್ಕಿಂತ, ತಂಗಿ ಉಳಿದ ಆಯುಷ್ಯವೆಲ್ಲ ಅದನ್ನು ತನ್ನ ಪಾಪವೆಂದು ಹೊತ್ತು ತಿರುಗುತ್ತಾಳೆ ಎಂಬುದೇ ಅವಳನ್ನು ಹೆಚ್ಚು ಕಾಡಿತು. ಅಷ್ಟಾದರೂ ಎದ್ದು, ಮುಖ ತೊಳೆದು, ಎರಡು ಸ್ವೆಟರ್ ಏರಿಸಿ, ಕೆಲಸಕ್ಕೆ ಹೊರಡುವವಳಂತೆ ಬಂದು ಅಡಿಗೆ ಕೋಣೆಯ ಮೇಜಿನ ಮುಂದೆ ಕೂತಳು.

ತಂಗಿ ಚಹಾದ ಲೋಟ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಅವಳು ಲೋಟವನ್ನು ಮೇಜಿನ ಮೇಲಿಟ್ಟು ಅಕ್ಕನ ಹಣೆ ಮುಟ್ಟಿದಳು. ಬಾಯ್ಲರ್ ಎಂದು ಬಣ್ಣದಕ್ಕ ಬಾಯಿ ತೆರೆದಳು, ಬೆಳಿಗ್ಗೆ ಏಳೂವರೆಗೆ ಅಡಿಗೆ ಕೋಣೆಯಲ್ಲಿ ಎಲ್ಲಿಯ ಬಾಯ್ಲರ್ ಎಂದು ಹೊಳೆದು ಮುಚ್ಚಿದಳು. ತಲೆನೋವು, ಚೀಲದಲ್ಲಿ ಮಾತ್ರೆ ಇದೆ, ಸರಿಹೋಗುತ್ತದೆ ಎಂದಳು. ಜ್ವರದಲ್ಲಿ ಸುಳ್ಳು ಹೇಳುವುದು ಎಷ್ಟು ಪಳಗಿದವರಿಗೂ ಕಷ್ಟ. ತಂಗಿ ನೇರವಾಗಿ ಹೋಗಿ ಚೀಲ ತೆರೆದಳು.

ಲಕೋಟೆ ಮೇಜಿನ ಮೇಲೆ ಬಂತು. ಎಂಟು ಅರ್ಧ ಚೂರುಗಳು ಉರುಳಿ ಬಿದ್ದವು. ಖಾಲಿಯಾದ ಪಟ್ಟಿಯೂ ಚೀಲದ ತಳದಲ್ಲಿತ್ತು, ಕ್ಲಿನಿಕ್ಕಿನ ಚೀಟಿಯೂ ಇತ್ತು. ಒಂಬತ್ತು ವರ್ಷದಿಂದ ಮಾತ್ರೆಗಳೊಂದಿಗೇ ಸಂಸಾರ ಮಾಡಿದವಳು ತಂಗಿ. ಅವಳು ಪಟ್ಟಿಯ ಹಿಂಬದಿಯ ಸಣ್ಣಕ್ಷರ ಓದಿದಳು, ಚೀಟಿಯ ತಾರೀಖು ನೋಡಿದಳು, ಚೂರುಗಳನ್ನು ಎಣಿಸಿದಳು. ಎಷ್ಟು ದಿನದಿಂದ, ಬೆನ್ನಿನಲ್ಲಿ ನೋವಿದೆಯೇ, ಯಾವ ಕಡೆ ಎಂದು ಮೂರೇ ಪ್ರಶ್ನೆ ಕೇಳಿದಳು. ಬಲಗಡೆ ಎಂದಳು ಬಣ್ಣದಕ್ಕ. ಇನ್ನು ಅಳು ಶುರುವಾಗುತ್ತದೆ ಎಂದು ಕಣ್ಣು ಮುಚ್ಚಿ ಕಾದಳು. ಅಳು ಕೇಳಿಸಲಿಲ್ಲ.

"ಕಣ್ಣು ಬಿಡಕ್ಕ. ಬಿಟ್ಟು ನನ್ನ ನೋಡು," ಎಂದಳು ತಂಗಿ. "ನೀನು ಕೊಟ್ಟಿದ್ದನ್ನ ಒಂಬತ್ತು ವರ್ಷ ಒಂದು ಹೊತ್ತು ತಪ್ಪಿಸ್ದೆ ಕಾಪಾಡ್ಕೊಂಡು ಬಂದಿದೀನಿ. ನಿನ್ನ ಹತ್ರ ಉಳಿದಿದ್ದನ್ನ ಒಂದು ವಾರ ನೋಡ್ಕೊಳ್ಳೋಕೆ ನಿನ್ನ ಕೈಲಿ ಆಗ್ಲಿಲ್ವಾ?"

ತಂಗಿ ಬೈದದ್ದು ಬಣ್ಣದಕ್ಕನ ನೆನಪಿನಲ್ಲೇ ಇರಲಿಲ್ಲ. ಅವಳು ತಂಗಿಯ ಮಾತ್ರೆಗಳನ್ನು ದಿನವೂ ನೋಡಿದ್ದಳು, ಪಾಪ ಎಷ್ಟು ನುಂಗುತ್ತಾಳೆ ಎಂದು ಕನಿಕರಪಟ್ಟಿದ್ದಳು. ಅದು ತಾನು ಕೊಟ್ಟದ್ದಕ್ಕೆ ನಡೆಯುತ್ತಿರುವ ಕಾವಲು ಎಂದು ಒಂದು ದಿನವೂ ತೋಚಿರಲಿಲ್ಲ. ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದವು. ಅಷ್ಟರಲ್ಲಿ ತಂಗಿ ಶಾಲೆಗೆ ಬರುವುದಿಲ್ಲವೆಂದು ಹೇಳಿ, ಗಾಡಿ ಕರೆಸಿ, ಲಕೋಟೆ ಚೀಟಿ ಪಟ್ಟಿ ಮೂರನ್ನೂ ತನ್ನ ಚೀಲಕ್ಕೆ ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಕಟ್ಟಿ ನಿಂತಿದ್ದಳು. ತನ್ನ ಎಂಟು ಗಂಟೆಯ ಮಾತ್ರೆಯನ್ನು ಗಾಡಿಯಲ್ಲಿ ಕೂತು ನುಂಗಿದಳು.

ಹೋದದ್ದು ತಂಗಿಗೆ ಆಪರೇಷನ್ ಆಗಿದ್ದ ಆಸ್ಪತ್ರೆಗೇ. ಒಳಗೆ ಸೇರಿಸಿಕೊಳ್ಳುವ ಮುಂಚೆ ನರ್ಸಮ್ಮ ಹಾಳೆ ಹಿಡಿದು ಅವೇ ಪ್ರಶ್ನೆಗಳನ್ನು ಕೇಳಿದಳು. ಹಿಂದೆ ಆಪರೇಷನ್ ಆಗಿದೆಯೇ ಎಂದಾಗ ಬಣ್ಣದಕ್ಕ ತಂಗಿಯ ಕಡೆ ನೋಡಿದಳು. ಆ ವಿಷಯವನ್ನು ಇಬ್ಬರೂ ಮೂರನೆಯವರೆದುರು ಎತ್ತಿದವರೇ ಅಲ್ಲ.

"ಆಗಿದೆ," ಎಂದಳು. "ಎಡಗಡೆ ಕಿಡ್ನಿ ತೆಗೆಸಿದೀನಿ. ಇವಳ ಹತ್ರ ಇದೆ. ಚೆನ್ನಾಗಿ ನೋಡ್ಕೊಂಡಿದಾಳೆ."

ನರ್ಸಮ್ಮ ಬರೆದುಕೊಂಡಳು. ತಂಗಿ ಗೋಡೆಯ ಮೇಲಿನ, ಕೈ ತೊಳೆಯುವ ವಿಧಾನದ ಚಿತ್ರಪಟವನ್ನು ಬಹಳ ಹೊತ್ತು ಓದಿದಳು.

ತಂಗಿಯನ್ನು ಮೊದಲಿನಿಂದ ನೋಡುತ್ತಿದ್ದ ದೊಡ್ಡ ಡಾಕ್ಟರು ಬಂದರು. ರಕ್ತ ತೆಗೆಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು, ಕ್ಲಿನಿಕ್ಕಿಗೆ ಫೋನ್ ಮಾಡಿಸಿ ಅಲ್ಲಿ ಶನಿವಾರದಿಂದ ಬಣ್ಣದಕ್ಕನಿಗಾಗಿ ಕಾದು ಕೂತಿದ್ದ ಪರೀಕ್ಷೆಯ ಫಲ ತರಿಸಿಕೊಂಡರು. ಆಮೇಲೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಮಾತ್ರೆಯನ್ನು ಏಕೆ ಸೀಳಿದಿರಿ ಎಂದು ಕೇಳಿದರು. ಅವಳು ಹೇಳಿದಳು, ನೂಲು, ಪುಡಿ, ತೊಳೆದ ನೀರು, ಎರಡಕ್ಕೆ ಒಂದಾದರೆ ಒಂದಕ್ಕೆ ಅರ್ಧ. ನಗುತ್ತಾರೆ ಎಂದುಕೊಂಡಿದ್ದಳು. ಅವರು ನಗಲಿಲ್ಲ, ನಡುವೆ ಒಂದೆರಡು ಕಡೆ ಶಾಖದ ವಿಷಯ ಕೇಳಿ ತಿಳಿದುಕೊಂಡರು ಕೂಡ.

"ನಿಮ್ಮ ತೊಟ್ಟಿ ಮಟ್ಟಿಗೆ ನೀವು ಹೇಳಿದ್ದು ಸರಿ," ಎಂದರು. "ಆದ್ರೆ ಆ ಮಾತ್ರೆಗೆ ಕೆಲಸ ಇರೋದೇ ಆ ನೀರಲ್ಲಿ. ಬಣ್ಣ ಬಂತು ಅಂದ್ರೆ ಅದು ಮುಟ್ಟಬೇಕಾದ ಜಾಗ ಮುಟ್ಟಿದೆ ಅಂತ. ಅದೇ ಹೊತ್ತಿಗೆ ನೀವು ಅದರ ಕೈ ಕಟ್ಟಿಹಾಕಿದ್ರಿ. ರೋಗಾಣು ಸಾಯೋ ಬದಲು ಮೇಲಕ್ಕೆ ದಾರಿ ಹುಡುಕ್ತು."

ಒಂದು ಕಿಡ್ನಿ ಎಂದರೆ ಅರ್ಧ ಕೆಲಸ ಎಂಬ ಲೆಕ್ಕವೂ ತಪ್ಪೆಂದು ಹೇಳಿದರು. ಜೊತೆಯದು ಹೋದ ಮೇಲೆ ಉಳಿದದ್ದು ಮೈ ಬಗ್ಗಿಸಿ ದುಡಿಯುವುದನ್ನು ಕಲಿಯುತ್ತದೆ. ಹಾಗೆಂದು ಎಲ್ಲ ಔಷಧಿಯನ್ನೂ ಕಣ್ಣು ಮುಚ್ಚಿ ಕೊಡುವಂತೆಯೂ ಇಲ್ಲ; ಕೆಲವನ್ನು ಕಡಿಮೆ ಮಾಡಬೇಕಾಗುತ್ತದೆ, ಕೆಲವನ್ನು ಕೊಡಲೇಬಾರದು, ಅದನ್ನು ರಕ್ತ ನೋಡಿ ಹೇಳುವವರು ಹೇಳಬೇಕು. ಆ ಡಾಕ್ಟರಮ್ಮ ಆಪರೇಷನ್ ವಿಷಯ ಕೇಳಿದ್ದು ಹೊತ್ತು ಹೋಗಲಿ ಎಂದಲ್ಲ. ಬಣ್ಣ ಬದಲಾಗುತ್ತದೆ, ಹೆದರಬೇಡಿ ಎಂದು ಔಷಧಿ ಅಂಗಡಿಯಾಕೆ ಹೇಳಲಿಲ್ಲವೇ ಎಂದೂ ಕೇಳಿದರು. ಹೇಳಿರಬೇಕು ಎಂದು ಬಣ್ಣದಕ್ಕ ತಲೆ ತಗ್ಗಿಸಿದಳು. ಡ್ರಿಲ್ ಮೇಷ್ಟ್ರ ಕಥೆಯನ್ನು ಹೇಳುವ ಧೈರ್ಯವಾಗಲಿಲ್ಲ.

ಆ ಹಳದಿ ಮಾತ್ರೆ ಕಿಡ್ನಿಗೆ ಹತ್ತಿದ ಸೋಂಕಿಗೆ ಸಾಲದು, ಆದ್ದರಿಂದ ಬೇರೆ ಔಷಧಿಯನ್ನು ಕೈಯ ನರಕ್ಕೆ ಹನಿಹನಿಯಾಗಿ ಬಿಟ್ಟರು. ರಕ್ತದ ಫಲ ಮಧ್ಯಾಹ್ನ ಬಂತು. ಕಿಡ್ನಿ ಹೇಗೆ ನಡೆಯುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಂಬ ಅಂಕಿ ಆ ಮನೆಯಲ್ಲಿ ಇಬ್ಬರಿಗೂ ಬಾಯಿಪಾಠ. ಬಣ್ಣದಕ್ಕನದು ಯಾವಾಗಲೂ ಒಂದರ ಆಸುಪಾಸು. ಅಂದು ಒಂದು ಪಾಯಿಂಟ್ ಏಳು ಇತ್ತು. ಇಳಿಯಬಹುದು, ಕಾದು ನೋಡೋಣ ಎಂದರು ಡಾಕ್ಟರು. ಕಿಡ್ನಿ ಕಾಯುವ ಆ ಮಾತ್ರೆಗಳಿಂದಾಗಿ ತಂಗಿಗೆ ಬೇರೆಯವರ ಸೋಂಕು ಬೇಗ ತಗಲುತ್ತದೆ ಎಂದು ವಾರ್ಡಿನಲ್ಲಿ ಕೂರಲು ಬಿಡಲಿಲ್ಲ. ದಿನಕ್ಕೆ ಅರ್ಧ ಗಂಟೆ, ಮಾಸ್ಕ್ ಕಟ್ಟಿಕೊಂಡು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ. ಅವಳು ಬಂದು ನೀರು ಎಷ್ಟು ಕುಡಿದೆ, ಜ್ವರ ಎಷ್ಟು ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದಳು. ಇನ್ನೂ ಸಿಟ್ಟಿನಲ್ಲೇ ಇದ್ದಳು.

ಬುಧವಾರವೂ ಅಂಕಿ ಕದಲಲಿಲ್ಲ. ಬಣ್ಣದಕ್ಕ ಆ ದಿನವೆಲ್ಲ ಹಸಿರು ಪರದೆಯನ್ನು ನೋಡುತ್ತ ಮಲಗಿದ್ದಳು. ಪರದೆಯ ಹಸಿರು ಒಂದೊಂದು ಮಡಿಕೆಯಲ್ಲಿ ಒಂದೊಂದು ಥರ ಇತ್ತು, ಹಾಕಿದವನಿಗೆ ಕೆಲಸ ಬರುತ್ತಿರಲಿಲ್ಲ. ಎಂದಿನಂತೆ ಅವನನ್ನು ಬೈಯಬೇಕೆನಿಸಲಿಲ್ಲ. ಒಂದು ಪ್ರಶ್ನೆಗೆ ನಿಜ ಹೇಳಿದ್ದರೆ, ಒಂದು ಫೋನ್ ಮಾಡಿದ್ದರೆ ಎಂದು ಮನಸ್ಸು ಅದೇ ಜಾಗವನ್ನು ಸುತ್ತುತ್ತಿತ್ತು. ತಂಗಿಯ ಅಳುವಿಗೆ ಹೆದರಿ ಅವಳಿಗೆ ನಿಜವಾಗಿ ಅಳುವ ಕಾರಣವನ್ನೇ ತಯಾರು ಮಾಡಿಕೊಟ್ಟೆನಲ್ಲ ಎಂದು ಅವಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನರ್ಸಮ್ಮ ಬಂದು ನೀರು ಕುಡಿಯಿರಿ ಎಂದಾಗಲೆಲ್ಲ ತುಂಬಿದ ಲೋಟವನ್ನು ಒಂದೇ ಗುಟುಕಿಗೆ ಮುಗಿಸುತ್ತಿದ್ದಳು.

ಗುರುವಾರ ಜ್ವರ ಬಿಟ್ಟಿತು. ಶುಕ್ರವಾರ ಬೆಳಿಗ್ಗೆ ಕೈಯ ಸೂಜಿ ತೆಗೆದು, ನುಂಗುವ ಮಾತ್ರೆ ಕೊಟ್ಟರು. ಇನ್ನೂ ಹತ್ತು ದಿನ, ಮೈ ಎಷ್ಟೇ ಹಗುರಾದರೂ ಕೊನೆಯದರವರೆಗೆ. ಬಣ್ಣದಕ್ಕ ನರ್ಸಮ್ಮನನ್ನು ನಿಲ್ಲಿಸಿಕೊಂಡು, ಊಟಕ್ಕೆ ಮುಂಚೆಯೋ ಆಮೇಲೋ, ಹಾಲಿನ ಜೊತೆ ಆದೀತೇ, ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಕೇ, ಮೈಮೇಲೆ ದದ್ದು ಎದ್ದರೆ ಯಾರಿಗೆ ಹೇಳಬೇಕು ಎಂದು ಕೇಳಿದ್ದನ್ನೇ ಕೇಳಿದಳು. ಎರಡು ಒಟ್ಟಿಗೆ ಖಂಡಿತ ನುಂಗಬಾರದು, ಫೋನ್ ಮಾಡಿ ಕೇಳಬೇಕು ಎಂದು ನರ್ಸಮ್ಮ ಸಂಖ್ಯೆ ಬರೆದುಕೊಟ್ಟಳು. ಆಮೇಲೆ ಪಕ್ಕದ ಮಂಚದವರ ಹತ್ತಿರ, ಇವರು ಪರೀಕ್ಷೆಗೆ ಓದುತ್ತಿದ್ದಾರೆ ಎಂದು ತಮಾಷೆ ಮಾಡಿದಳಂತೆ.

ಹತ್ತು ಗಂಟೆಗೆ ತಂಗಿ ಬಂದಳು. ಕೈಯಲ್ಲಿ ಆ ಬೆಳಗಿನ ರಕ್ತದ ಚೀಟಿ ಇತ್ತು. ಬಾಗಿಲ ಹತ್ತಿರದ ಸ್ಟೂಲನ್ನು ಎತ್ತಿ ತಂದು ಮಂಚದ ಪಕ್ಕಕ್ಕೇ ಹಾಕಿದಳು. ಒಂದು ಪಾಯಿಂಟ್ ಒಂದು ಎಂದು ಓದಿದಳು. ಇನ್ನೊಮ್ಮೆ ಓದಿದಳು, ಆಗಲೂ ಅಷ್ಟೇ ಇತ್ತು. ಕಿಡ್ನಿ ಉಳಿದಿತ್ತು. ಡಾಕ್ಟರು ನಾಳೆ ಮನೆಗೆ ಹೋಗಬಹುದು ಎಂದರಂತೆ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ತೋರಿಸಿದರೆ ಸಾಕಂತೆ ಎಂದು ಹೇಳುತ್ತಿದ್ದವಳು ಮಾತು ಮುಗಿಸಲಾರದೆ ಮಂಚದ ಅಂಚಿಗೆ ತಲೆಯಿಟ್ಟು ಅಳತೊಡಗಿದಳು. ನಾಲ್ಕು ದಿನದಿಂದ ತಡೆದದ್ದೆಲ್ಲ ಒಮ್ಮೆಗೇ ಬಂತು.

ಸುಮ್ಮನಿರು, ಅಳಬೇಡ ಎಂಬ ಮಾತು ಬಣ್ಣದಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿಕೊಂಡು ತಂಗಿಯ ತಲೆಯ ಮೇಲೆ ಕೈಯಿಟ್ಟಳು. ಅಳಲು ಬಿಟ್ಟಳು. ಆಕಾಶವೇನೂ ಕಳಚಿ ಬೀಳಲಿಲ್ಲ.

"ನೀನು ಅಳ್ತೀಯ ಅಂತಾನೇ ಹೇಳ್ಲಿಲ್ಲ ಪುಟ್ಟಿ," ಎಂದಳು.

"ಅಳೋದು ನನ್ನ ಪಾಡು," ಎಂದಳು ತಂಗಿ, ಮುಖ ಎತ್ತದೆ. "ನಾನು ಅಳಬಾರ್ದು ಅಂತ ನೀನು ಇನ್ನೊಂದನ್ನೂ ಕೊಡ್ಬೇಡ. ಒಂದು ಕೊಟ್ಟಿದ್ದು ಸಾಕು."

ಆಮೇಲೆ ತಂಗಿ ಮಾಸ್ಕಿನ ಅಂಚಿನಲ್ಲಿ ಕಣ್ಣೊರೆಸಿಕೊಂಡು, ಶಾಲೆಯಲ್ಲಿ ಮಕ್ಕಳನ್ನು ಕೇಳುವ ದನಿಯಲ್ಲಿ, ಇನ್ನೂ ಏನೇನು ಮುಚ್ಚಿಟ್ಟಿದ್ದೀಯ, ಈಗಲೇ ಹೇಳಿಬಿಡು ಎಂದಳು. ಬಣ್ಣದಕ್ಕ ಯೋಚಿಸಿದಳು. ಎಡ ಮೊಣಕಾಲು ಆರು ತಿಂಗಳಿಂದ ನೋಯುತ್ತಿದೆ ಎಂದಳು. ಹಿಂದಿನ ಒಂದು ಹಲ್ಲು ಟೊಳ್ಳಾಗಿದೆ, ಒಂದೇ ಪಕ್ಕದಲ್ಲಿ ಅಗಿಯುತ್ತೇನೆ ಎಂದಳು. ನೀನು ಕೊಡುವ ನೀರನ್ನು ಗಿಡಕ್ಕೆ ಹಾಕುತ್ತೇನೆ ಎಂದಳು. ಅದು ಬೀದಿಗೆಲ್ಲ ಗೊತ್ತಿದೆ, ಮುಂದೆ ಹೇಳು ಎಂದಳು ತಂಗಿ.

ಉಳಿದದ್ದನ್ನು ಬಣ್ಣದಕ್ಕ ತನಗೆ ತಾನೇ ಹೇಳಿಕೊಂಡಿರಲಿಲ್ಲ. ಹೇಳಿದರೆ ಆ ಕಿಟಕಿಯ ಪಕ್ಕದ ಜಾಗ ಹೋಗುತ್ತದೋ, ಇಪ್ಪತ್ತೆಂಟು ವರ್ಷವೇ ಹೋಗುತ್ತದೋ ಎಂಬ ಹೆದರಿಕೆ. ಅವಳು ಹೊದಿಕೆಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಉಗುರ ಸಂದಿಯಲ್ಲಿ ಸಮವಸ್ತ್ರದ ಬಣ್ಣ ಇನ್ನೂ ಇತ್ತು.

"ನೀಲಿ," ಎಂದಳು ಕೊನೆಗೆ. "ನೀಲಿನೂ ಕಪ್ಪೂ ಈಗೀಗ ಒಂದೇ ಥರ ಕಾಣ್ತವೆ. ಬೆಳಕು ಚೆನ್ನಾಗಿದ್ರೆ ಗೊತ್ತಾಗತ್ತೆ, ಮೋಡ ಇದ್ರೆ ಗೊತ್ತಾಗಲ್ಲ. ಮೊನ್ನೆ ಸರಕಿಗೆ ಅಂದಾಜಿನ ಮೇಲೆ ಹೇಳಿದೆ. ಯಾರಿಗೂ ಹೇಳಿಲ್ಲ."

ತಂಗಿ ಈ ಸಲ ಅಳಲಿಲ್ಲ. ಚೀಲದಿಂದ ಪೆನ್ನು ತೆಗೆದು ಮೊಣಕಾಲು, ಹಲ್ಲು, ಕಣ್ಣು ಎಂದು ರಕ್ತದ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಳು. ತನ್ನ ಶಾಲೆಯ ಹೆಡ್ ಮಿಸ್ಸಿಗೂ ಹೀಗೇ ಆಗಿತ್ತು, ಪೊರೆ ಬಂದಿತ್ತು, ತೆಗೆಸಿದ ಮೇಲೆ ಹುಡುಗರ ಕಾಲರಿನ ಕೊಳೆ ಬಾಗಿಲಿಂದಲೇ ಕಾಣಿಸುತ್ತದೆ ಎಂದು ಬೈಯುತ್ತಾರೆ ಎಂದಳು. ನಿನ್ನದೂ ಅದೇ ಎಂದು ನಾನು ಹೇಳುವಂತಿಲ್ಲ, ಹೇಳುವವರು ಹೇಳಲಿ ಎಂದೂ ಸೇರಿಸಿದಳು.

"ಕಣ್ಣಿನ ಡಾಕ್ಟರು ಎರಡನೇ ಮಹಡೀಲಿ ಕೂರ್ತಾರೆ. ಹನ್ನೊಂದರವರೆಗೆ ಇರ್ತಾರೆ."

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು ಆಗಿತ್ತು. ಬಣ್ಣದಕ್ಕ ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಕಾಲು ಕೆಳಗಿಳಿಸಿ, ಮಂಚದಡಿ ಚಪ್ಪಲಿ ಹುಡುಕತೊಡಗಿದಳು.